ಕಚ್ಚಾ ಹಾಡು

ಆ ದಿನ ಬೆಳಗ್ಗೆ ಪುಂಡಲೀಕ ತನ್ನ ಸಾಮಾನು ಆಟೋದಲ್ಲಿ ಕೂತು, ಗಾಜು ಏರಿಸಿ, ತಾನು ಕಟ್ಟಿದ ಹಾಡನ್ನು ಫೋನಿನಲ್ಲಿ ರೆಕಾರ್ಡ್ ಮಾಡುತ್ತಿದ್ದ. ಹೆಂಡತಿ ದ್ರಾಕ್ಷಾಯಿಣಿ ಚಹಾ ಹಿಡಿದು ಗಾಜು ಬಡಿದಳು. ಅವನು ತಡಿ ಎಂದು ಕೈ ಮಾಡಿದ. ಚಹಾ ಕೆನೆಗಟ್ಟಿತು.

ಗಾಜು ಇಳಿದಾಗ ಅವಳು ಕೇಳಿದಳು. "ನನಗೂ ಒಂದೀಟು ಕೇಳಸ್ರಿ."

"ಇನ್ನೂ ಕಚ್ಚಾ ಐತಿ. ಮೊದಲ ಅಬ್ರಾರ ಕೇಳಲಿ. ಪಕ್ಕಾ ಆದಮ್ಯಾಲೆ ನಿನಗ."

"ಹಂಗಾರ ಅಬ್ರಾರನ್ನ ಲಗ್ನಾ ಆಗಬೇಕಿತ್ತು ನೀವು."

"ಅವಂಗ ರೊಟ್ಟಿ ಬಡಿಯಾಕ ಬರೂದಿಲ್ಲಲೇ!"

ನಕ್ಕು, ಆರಿದ ಚಹಾ ಕುಡಿದು, ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಚೀಲ ಹೇರಲು ಹೋದ. ಸಂಜೆ ಮೋಟೆಬೆನ್ನೂರಿನ ಹತ್ತಿರ ಲಾರಿ ಬಡಿಯಿತು. ಅವನೂ ಹೋದ, ಫೋನೂ ಪುಡಿಯಾಯಿತು.

ಅಬ್ರಾರ ಅವನ ಗೆಳೆಯ. ರಾಣೆಬೆನ್ನೂರಿನ ಸ್ಟೇಷನ್ ರಸ್ತೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ. ಹಿಂದಿನ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಪುಂಡಲೀಕನ ರ‍್ಯಾಪ್ ಹಾಡಿಗೆ ತಾಳ ಕೂಡಿಸುತ್ತಿದ್ದ. ಗಂಡ ದಿನಾ ಅವನಿಗೆ ದನಿ ಕಳಿಸುತ್ತಿದ್ದ. ದ್ರಾಕ್ಷಾಯಿಣಿಯ ಫೋನಿಗೆ ಬರುತ್ತಿದ್ದದ್ದು, ತಡಾ ಆಕೈತಿ, ಹಾಲು ತರ್ಲೇನು, ಇಷ್ಟೇ. ಅವನ ಜಾಗದಲ್ಲಿ ಇನ್ನೊಬ್ಬ ಹೆಂಗಸಿದ್ದರೆ ಜುಟ್ಟು ಹಿಡಿದು ಜಗಳಾಡಬಹುದಿತ್ತು. ಅಬ್ರಾರನ ಮೇಲೆ ಏನಂತ ಜಗಳಾಡುವುದು?

ರ‍್ಯಾಪ್ ಹುಚ್ಚು ಅವಳಿಗೂ ಹತ್ತಿತ್ತು. ಓದಿದ್ದು ನಾಲ್ಕನೆಯ ಇಯತ್ತೆ. ಆದರೆ ಅವಳು ಮೆಣಸಿನಕಾಯಿಯ ತೊಟ್ಟು ಬಿಡಿಸಲು ಹೋಗುವ ಅಂಗಳದಲ್ಲಿ ಹೆಂಗಸರು ಇಡೀ ದಿನ ಫೋನಿನಲ್ಲಿ ಹಾಡು ಹಚ್ಚುತ್ತಿದ್ದರು. ಬೆಂಗಳೂರಿನ ಹುಡುಗರು ನನ್ನ ಗಾಡಿ, ನನ್ನ ಏರಿಯಾ ಎಂದು ಕೊಚ್ಚಿಕೊಂಡರೆ ಅವಳಿಗೆ ಆಕಳಿಕೆ. ಮುಂಬೈಯವರ ಮಾತು ಅರ್ಧವೂ ತಿಳಿಯುತ್ತಿರಲಿಲ್ಲ, ಸಿಟ್ಟು ಮಾತ್ರ ಪೂರಾ ತಿಳಿಯುತ್ತಿತ್ತು. ಹುಬ್ಬಳ್ಳಿಯವರು ಬೈದರೆ ಮನೆಯವರೇ ಬೈದ ಹಾಗೆ. ಆದರೆ ಕ್ಯಾಮೆರಾ ಕಂಡೊಡನೆ ಅವರೂ ಕರಿ ಕನ್ನಡಕ ಹಾಕಿ ಬೆಂಗಳೂರಿನವರಾಗುತ್ತಾರೆ ಎಂದು ಅವಳ ತಕರಾರು. ಯಾರದೇ ಹಾಡಿರಲಿ, ಉಸಿರು ಎಲ್ಲಿ ತೆಗೆದುಕೊಳ್ಳುತ್ತಾನೆ ಎಂದು ಕಿವಿ ಕೊಡುತ್ತಿದ್ದಳು. ಉಸಿರೇ ಕೇಳದವನನ್ನು ನಂಬುತ್ತಿರಲಿಲ್ಲ.

ಗಂಡನ ಮಣ್ಣು, ದಿವಸದ ಕಾರ್ಯ ಎಲ್ಲ ಮುಗಿದ ಮೇಲೆ ಅಬ್ರಾರ ಫೋನ್ ಮಾಡಿದ. "ವೈನಿ, ಪುಂಡ್ಯಾನ ಹಾಡು ಪಕ್ಕಾ ಮಾಡೇನ್ರಿ. ಯೂಟ್ಯೂಬಿಗೆ ಬಿಡ್ಲೇನ್ರಿ?"

"ನಾ ಬರೂತನಕ ಬಿಡಬ್ಯಾಡ."

ಬಸ್ಸು ಹತ್ತಿ ಹೋದಳು. ಅಬ್ರಾರ ಹಾಡು ಹಚ್ಚಿದ. ತಾಳ ಎದೆಗೆ ಗುದ್ದಿತು. ಗಂಡನ ದನಿ ಹೊಸ ಸ್ಟೀಲ್ ಪಾತ್ರೆಯ ಹಾಗೆ ಹೊಳೆಯುತ್ತಿತ್ತು.

"ಇವರ ಉಸುರು ಎಲ್ಲೈತಿ?"

"ತಗದೇನ್ರಿ. ಎಲ್ಲಾರೂ ಹಂಗ ಮಾಡ್ತಾರ್ರಿ. ಉಸುರು ಕೇಳಿದ್ರ ಹಾಡು ಕಚ್ಚಾ ಅನಸ್ತೈತಿ."

"ಸತ್ತವರದು ಉಸುರು ತಗದಿಯಲ್ಲೋ. ಕಚ್ಚಾದು ಹಚ್ಚು. ಹಚ್ಚಿ ನೀ ಹೊರಗ ನಡಿ."

ಅಬ್ರಾರ ಹಚ್ಚಿಕೊಟ್ಟು ರಸ್ತೆಗೆ ಬಂದು ನಿಂತ. ಪಕ್ಕದ ಚಹಾದಂಗಡಿಯ ಸರ್ಫರಾಜ ಕೇಳಿದ, "ಯಾಕಲೇ, ನಿನ್ನ ಅಂಗಡಿ ಬಿಟ್ಟು ಬಿಸಲಾಗ ನಿಂತೀದಿ?"

"ಒಳಗ ಮಾಲಕರು ಅದಾರ."

ಒಳಗೆ ದ್ರಾಕ್ಷಾಯಿಣಿ ಕೇಳುತ್ತಿದ್ದಳು. ಉಸಿರು ಎಳೆದುಕೊಂಡದ್ದು, ಉಗುಳು ನುಂಗಿದ್ದು, ಸಾಲು ಮರೆತು ತನಗೆ ತಾನೇ ಬೈದುಕೊಂಡದ್ದು. ಎಲ್ಲ ಇತ್ತು. ಆದರೆ ಪ್ರತಿ ಸಲವೂ ಶುರುವಾಗುತ್ತಿದ್ದದ್ದು ಹೀಗೆ: "ಅಬ್ರಾರ, ಕೇಳಲೇ ದೋಸ್ತ." ಅವಳ ಹೆಸರು ಎಲ್ಲೂ ಇರಲಿಲ್ಲ. ಕೊನೆಯವರೆಗೆ ಕಾದಳು. ಇರಲಿಲ್ಲ.

ಅಬ್ರಾರನನ್ನು ಒಳಗೆ ಕರೆದಳು. "ಪಕ್ಕಾದು ಊರಿಗೆಲ್ಲಾ ಬಿಡು. ಕಚ್ಚಾದು ಎಲ್ಲಾ ನನ್ನ ಫೋನಿಗೆ ಹಾಕು. ಹಾಕಿ, ನಿನ್ನಲ್ಲಿರೂದು ಅಳಸು."

"ವೈನಿ, ಅದರಾಗ ನನ್ನ ಹೆಸರೈತ್ರಿ."

"ಅದಕ್ಕ ಅಳಸು ಅಂದೆ."

"ನನಗೂ ಅವನದು ಇದು ಬಿಟ್ರ ಏನೂ ಉಳದಿಲ್ರಿ."

"ನಿನಗ ಅವರು ಇದ್ದಾಗ ಸಿಕ್ಕಾರ."

ಅವನು ಎಲ್ಲವನ್ನೂ ಅವಳ ಫೋನಿಗೆ ಹಾಕಿದ. ಆಮೇಲೆ ಅವಳ ಎದುರಿಗೇ ಒಂದೊಂದಾಗಿ ಅಳಿಸಿದ. ಕೊನೆಯದಕ್ಕೆ ಮುನ್ನ ಅವಳ ಮುಖ ನೋಡಿದ. ಇರಲಿ ಬಿಡು ಎನ್ನಬಹುದಿತ್ತು. ಅವಳು ಅನ್ನಲಿಲ್ಲ.

ಈಗ ಅಂಗಳದಲ್ಲಿ ಹೆಂಗಸರು ಆ ಪಕ್ಕಾ ಹಾಡನ್ನೇ ಹಚ್ಚುತ್ತಾರೆ. "ಭಾಳ ಚಲೋ ಹಾಡ್ಯಾರ ಬಿಡವಾ ನಿಮ್ಮ ಮನಿಯವರು," ಎನ್ನುತ್ತಾರೆ. ಹೂಂ ಎನ್ನುತ್ತಾಳೆ. ಅವರಿಗೆ ಸಿಕ್ಕಿದ್ದು ಅಷ್ಟೇ ಎಂದು ಒಳಗೊಳಗೇ ಸಮಾಧಾನ.

ಕಚ್ಚಾದ್ದನ್ನು ಬೆಳಗ್ಗೆ ಕದ ಹಾಕಿಕೊಂಡು ಒಬ್ಬಳೇ ಕೇಳುತ್ತಾಳೆ. ಅಬ್ರಾರ ಎಂಬ ಹೆಸರಿಗೆ ಇನ್ನೂ ಹೊಟ್ಟೆ ಉರಿಯುತ್ತದೆ. ದಾಟಿಸಿ ಮುಂದೆ ಓಡಿಸಬಹುದು. ಆದರೆ ಗಂಡನ ಮೊದಲ ಉಸಿರು ಆ ಹೆಸರಿಗೆ ಅಂಟಿಕೊಂಡೇ ಇದೆ. ಓಡಿಸಿದರೆ ಅದೂ ಹೋಗುತ್ತದೆ. ಅದಕ್ಕೆ ಹೆಸರನ್ನೂ ಕೇಳುತ್ತಾಳೆ.

ಆಮೇಲೆ ಖಾರ ಹತ್ತದ ಹಾಗೆ ಎರಡೂ ಕೈಗೆ, ಉಗುರಿನ ಸಂದಿಗೂ, ಕೊಬ್ಬರಿ ಎಣ್ಣೆ ತಿಕ್ಕಿಕೊಂಡು ಕೆಲಸಕ್ಕೆ ಹೊರಡುತ್ತಾಳೆ.