ನೇಣು ತಪ್ಪಿಸಿದ ಅರ್ಥಗಾರಿಕೆ

ಕಳೆದ ಚಳಿಗಾಲದಲ್ಲಿ ಕನ್ನಡ ಬಳಗದ ಉಪನ್ಯಾಸಕ್ಕೆಂದು ಬಹರೈನಿಗೆ ಹೋಗಿ, ಅಲ್ಲಿನ ಜಿಂಜ್ ಬಡಾವಣೆಯಲ್ಲಿ ಮಂಗಳೂರು ಕಡೆಯ ವಿಲ್ಫ್ರೆಡ್ ಎಂಬವರ ಮನೆಯಲ್ಲಿ ಉಳಿದಿದ್ದಾಗಿನ ಮಾತಿದು. ಗುರುವಾರ ಮಧ್ಯಾಹ್ನ ಅವರು ಟಿ.ವಿ.ಯಲ್ಲಿ ಹಳೆಯದೊಂದು ಬ್ರಿಟಿಷ್ ಕಿರುಚಿತ್ರ ಹಾಕಿದರು. ನಿಜವಾಗಿ ನಡೆದ ಕೊಲೆಯೊಂದರ ಕಥೆ. ಅವರ ತಾಯಿ ಫ್ಲೋರಿನ್ ಬಾಯಿಯವರಿಗೆ ಇಂಗ್ಲಿಷ್ ಬಾರದಾದ್ದರಿಂದ ನಾನು ಪಕ್ಕದಲ್ಲಿ ಕುಳಿತು ಕನ್ನಡದಲ್ಲಿ ಅರ್ಥ ಹೇಳತೊಡಗಿದೆ. ತಾಳಮದ್ದಲೆಯಲ್ಲಿ ಅರ್ಥ ಹೇಳುವವನ ಹುಮ್ಮಸ್ಸು ಮೈಯೇರಿತು. ಬಾಡಿಗೆಮನೆಯ ಒಡತಿಯನ್ನು ಕೊಂದ ಗುಮಾಸ್ತ ನ್ಯಾಯಾಲಯದಲ್ಲಿ ಆಡಿದ್ದು ಎರಡೇ ಮಾತು. ನಾನು ಅವನ ಬಾಯಿಂದ ಪಶ್ಚಾತ್ತಾಪದ ಗದ್ಯವನ್ನೇ ಹರಿಸಿದೆ. ಫ್ಲೋರಿನ್ ಬಾಯಿ ಕಣ್ಣೊರೆಸಿಕೊಂಡರು.

"ಮಾಸ್ಟ್ರೇ, ಇವನನ್ನು ನೇಣಿಗೆ ಹಾಕ್ತಾರಾ?"

"ಅಮ್ಮಾ, ಅದು ಯಾವಾಗಲೋ ಆಗಿಹೋದದ್ದು," ಎಂದು ವಿಲ್ಫ್ರೆಡ್ ನಕ್ಕರು.

"ನೀನು ಸುಮ್ಮನಿರು ಮಾರಾಯಾ. ಮಾಸ್ಟ್ರು ಹೇಳ್ಲಿ."

ತೆರೆಯ ಮೇಲೆ ನ್ಯಾಯಾಧೀಶರು ಮರಣದಂಡನೆ ವಿಧಿಸುತ್ತಿದ್ದರು. ಗ್ರಂಥಸಂಪಾದನೆಯಲ್ಲಿ ಮೂಲದ ಒಂದಕ್ಷರ ತಿದ್ದಿದವರನ್ನೂ ಕ್ಷಮಿಸದ ನಾನು, "ಜೀವಾವಧಿ ಶಿಕ್ಷೆಯಂತೆ," ಎಂದೆ.

"ಅಯ್ಯೋ, ಎಷ್ಟು ವರ್ಷ?"

"ಸನ್ನಡತೆ ಕಂಡುಬಂದರೆ ಕಡಮೆಯಾದೀತು."

ಫ್ಲೋರಿನ್ ಬಾಯಿ ಹರ್ಷದಿಂದ ಎದ್ದು, ಎಲ್ಲರಿಗೂ ಮತ್ತೊಮ್ಮೆ ಚಹಾ ಮಾಡಿದರು.

ಮರುದಿನ ಅವರು ಇಗರ್ಜಿಗೆ ಹೋಗಿ, ಅವನ ಸನ್ನಡತೆಗಾಗಿ ಮೇಣದಬತ್ತಿ ಹಚ್ಚಿ ಬಂದರು.