ಎದುರುಬದುರು ನಿಂತು ಹೇಳುವ ಒಂದು ಮಾತು

ನಮ್ಮ ಮದುವೆಗೆ ಎರಡೂ ಮನೆಯವರು ಒಪ್ಪಿದರೆಂದು ಗೊತ್ತಾದ ದಿನ ನಾನು ಆಸ್ಪತ್ರೆಯ ಕಾರಿಡಾರಿನಲ್ಲಿ ಓಡಿದ್ದೆ. ನಡುವಯಸ್ಸಿಗೆ ಹತ್ತಿರವಾದ ಹಿರಿಯ ನರ್ಸ್ ಹಾಗೆ ಓಡಿದರೆ ಯಾರಿಗೋ ಉಸಿರು ನಿಂತಿದೆ ಎಂದೇ ಲೆಕ್ಕ. ಇಬ್ಬರು ಕಿರಿಯ ನರ್ಸುಗಳು ತುರ್ತು ಟ್ರಾಲಿಯನ್ನು ತಳ್ಳಿಕೊಂಡು ನನ್ನ ಬೆನ್ನಿಗೇ ಬಂದರು. ನಾನು ಹೋಗಿ ನಿಂತದ್ದು ಯಂತ್ರಗಳನ್ನು ರಿಪೇರಿ ಮಾಡುವ ಕೋಣೆಯ ಬಾಗಿಲಲ್ಲಿ. ಒಳಗೆ ನಾನು ಮದುವೆಯಾಗಲಿದ್ದವರು ಒಂದು ಬಿ.ಪಿ. ಮೆಷಿನನ್ನು ಬಿಚ್ಚಿಟ್ಟುಕೊಂಡು ಕೂತಿದ್ದರು.

"ಪಪ್ಪ ಹೂಂ ಅಂದ್ರು," ಎಂದೆ.

"ನಮ್ಮ ಅಮ್ಮನೂ," ಎಂದರು ಅವರು, ಸ್ಕ್ರೂಡ್ರೈವರ್ ಕೆಳಗಿಡದೆಯೇ. ಹಿಂದೆ ಟ್ರಾಲಿ ಹಿಡಿದುಕೊಂಡವರು ಒಳಗೆ ಇಣುಕಿ ರೋಗಿಯನ್ನು ಹುಡುಕುತ್ತಿದ್ದರು.

ನಾವಿಬ್ಬರೂ ರಿಯಾದಿನಿಂದ ದೂರದ ಅಲ್ ಅಹ್ಸಾದ ಒಂದೇ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದೆವು. ನನ್ನದು ಹೊನ್ನಾವರದ ಕಡೆ. ಮನೆಮಾತು ಕೊಂಕಣಿ, ಭಾನುವಾರ ಇಗರ್ಜಿ. ಅವರದು ಉಡುಪಿಯ ಕಡೆ. ತುಳು, ಮನೆಯಲ್ಲಿ ನಾಗನೂ ಭೂತವೂ. ನನಗೆ ತುಳು ಬಾರದು, ಅವರಿಗೆ ಕೊಂಕಣಿ ಬಾರದು. ಮಾತಾಡಿದ್ದು, ಜಗಳವಾಡಿದ್ದು, ಕೊನೆಗೆ ಮದುವೆಯಾಗೋಣವೇ ಎಂದು ಕೇಳಿದ್ದು, ಎಲ್ಲವೂ ಕನ್ನಡದಲ್ಲಿ. ಎರಡು ವರ್ಷ ನಮ್ಮ ಮನೆಯವರು ಇಗರ್ಜಿಯೋ ದೇವಸ್ಥಾನವೋ ಎಂಬಲ್ಲೇ ನಿಂತಿದ್ದರು. ದಾರಿ ತೋರಿಸಿದವರು ಪಪ್ಪನೇ. "ಅಲ್ಲೇ ಸರ್ಕಾರದ ಎದುರು ಆಗ್ಲಿ. ಪಾದ್ರಿ ಕೇಳಿದ್ರೂ ಭಟ್ರು ಕೇಳಿದ್ರೂ ಕಾಯ್ದೆ ಪ್ರಕಾರ ಆಗಿದೆ ಅಂತ ಹೇಳಲಿಕ್ಕೆ ಬರ್ತದೆ," ಎಂದು ಫೋನಿನಲ್ಲಿ ನಮ್ಮ ಕೊಂಕಣಿಯಲ್ಲಿ ಹೇಳಿ ನಕ್ಕರು. ಅಷ್ಟು ದಿನ ಬಿಗಿದುಕೊಂಡಿದ್ದ ಅವರ ಧ್ವನಿ ಸಡಿಲವಾದದ್ದನ್ನು ಕೇಳಿ ನನಗೆ ಕಣ್ಣು ತುಂಬಿತು.

ರಿಯಾದಿನ ಭಾರತೀಯ ರಾಯಭಾರ ಕಚೇರಿಯಲ್ಲಿ ಅರ್ಜಿ ಕೊಟ್ಟೆವು. ಯಾರದಾದರೂ ಆಕ್ಷೇಪಣೆ ಇದ್ದರೆ ಹೇಳಲಿ ಎಂದು ನಮ್ಮ ಹೆಸರುಗಳನ್ನು ಬೋರ್ಡಿಗೆ ಹಾಕಿದರು. ಅಲ್ಲಿಂದ ಒಂದು ತಿಂಗಳು ಕಾಯಬೇಕಿತ್ತು. ನಾನು ಕಾಯಲಿಲ್ಲ, ಕುಣಿದೆ ಎನ್ನಬೇಕು. ನನ್ನ ಕೋಣೆಯ ಜೊತೆಗಾರ್ತಿ, ಫಿಲಿಪೀನ್ಸಿನ ನರ್ಸ್, ತಾನೇ ಮದುಮಗಳ ತಂಗಿ ಎಂದು ಘೋಷಿಸಿಕೊಂಡು ನನ್ನ ಉಗುರುಗಳಿಗೆ ದಿನಕ್ಕೊಂದು ಬಣ್ಣ ಹಚ್ಚಿ ನೋಡುತ್ತಿದ್ದಳು. ಸಾಕ್ಷಿಗೆ ಮೂವರು ಬೇಕಿತ್ತು. ಒಬ್ಬಳು ಅವಳು. ಇನ್ನಿಬ್ಬರು, ನಮ್ಮ ಆಸ್ಪತ್ರೆಯ ಹತ್ತಿರದ ಹಫೂಫಿನಲ್ಲಿ ಬಕಾಲಾ, ಅಂದರೆ ದಿನಸಿ ಅಂಗಡಿ ಇಟ್ಟುಕೊಂಡಿದ್ದ ಮಂಗಳೂರು ಕಡೆಯ ಬ್ಯಾರಿ ಮುಸಲ್ಮಾನ ದಂಪತಿ. ಹಬ್ಬವಿರಲಿ, ಜ್ವರವಿರಲಿ, ನಾವು ಓಡುತ್ತಿದ್ದದ್ದು ಅವರ ಮನೆಗೆ. ನನಗೆ ಅವರು ಅಕ್ಕ, ಬಾವ.

ಒಂದು ಮಧ್ಯಾಹ್ನ ಮದುವೆ ಮಾಡಿಸುವ ಅಧಿಕಾರಿಯೇ ಫೋನ್ ಮಾಡಿದರು. ಉತ್ತರ ಭಾರತದವರು, ಹೆಂಗಸು, ಸಾವಕಾಶವಾಗಿ ಹಿಂದಿ ಮಾತಾಡುವವರು. ನಾನು ಅಕ್ಕನ ಮನೆಯಲ್ಲಿದ್ದೆ. ನನ್ನ ಮದುಮಗನೂ ಅಲ್ಲೇ ಇದ್ದರು. ಫೋನನ್ನು ಜೋರು ಮಾಡಿ ಮೇಜಿನ ಮೇಲಿಟ್ಟೆ.

"ಹಾರ ಹಾಕಿಕೊಳ್ಳಿ, ಉಂಗುರ ತೊಡಿಸಿಕೊಳ್ಳಿ, ನನ್ನದೇನೂ ಅಡ್ಡಿ ಇಲ್ಲ," ಎಂದರು ಅಧಿಕಾರಿ. "ಆದರೆ ಒಂದು ಮಾತನ್ನು ಇಬ್ಬರೂ ಎದುರುಬದುರು ನಿಂತು ಹೇಳಲೇಬೇಕು. ನಾನು ನಿಮ್ಮನ್ನು ಕಾನೂನು ಪ್ರಕಾರ ಗಂಡನಾಗಿ, ಹೆಂಡತಿಯಾಗಿ ಸ್ವೀಕರಿಸುತ್ತೇನೆ ಅಂತ. ಅದನ್ನು ಹೇಳಿದಾಗಲೇ ಮದುವೆ."

"ಯಾವ ಭಾಷೆಯಲ್ಲಿ, ಮೇಡಂ?"

"ನಿಮ್ಮಿಬ್ಬರಿಗೂ ತಿಳಿಯುವ ಯಾವುದಾದರೂ ಸರಿ."

"ಕನ್ನಡ?" ಎಂದೆ.

"ಆಗಲಿ. ನನಗೆ ಮಾತ್ರ ಬರೋದಿಲ್ಲ. ಹೇಳಿದ ಮೇಲೆ ಅರ್ಥವನ್ನು ನೀವೇ ವಿವರಿಸಬೇಕು."

ಫೋನ್ ಇಟ್ಟ ಮೇಲೆ ನಾವು ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಮದುವೆಯ ಮಂತ್ರವನ್ನು ನಾವೇ ಕನ್ನಡದಲ್ಲಿ ಮಾಡಿಕೊಳ್ಳಬೇಕು! ಅವರು ಅಲ್ಲೇ ನೆಟ್ಟಗೆ ಕೂತು ಗಂಟಲು ಸರಿಮಾಡಿಕೊಂಡು ಶುರುಮಾಡಿದರು: "ನಾನು ತಮ್ಮನ್ನು ನನ್ನ ಕಾನೂನುಬದ್ಧ ಪತ್ನಿಯನ್ನಾಗಿ ಈ ಮೂಲಕ ಅಂಗೀಕರಿಸುತ್ತೇನೆ."

ಅಕ್ಕ ಚಹಾದ ಲೋಟ ಕೆಳಗಿಟ್ಟಳು. "ಎಂತ ಮಾರಾಯ, ನೀನು ಹೆಣ್ಣು ತಗೊಳ್ಳುವುದಾ, ಜಾಗ ರಿಜಿಸ್ಟ್ರಿ ಮಾಡುವುದಾ?"

ನಗು ನಿಂತ ಮೇಲೆ ಕೆಲಸ ಮುಂದುವರಿಯಿತು. ಪತ್ನಿ ಹೋಗಿ ಹೆಂಡತಿಯಾಯಿತು, ಕಾನೂನುಬದ್ಧ ಹೋಗಿ ಕಾನೂನಿನಂತೆ ಆಯಿತು. ಅಂಗೀಕಾರ ಬೇಡವೆಂದಳು ಅಕ್ಕ. ಒಪ್ಪಿಕೊಳ್ಳುವುದು ಸಾಕು, ಅದರಲ್ಲಿ ಮನಸ್ಸೂ ಬರುತ್ತದೆ ಎಂದಳು. ಆದರೆ ಒಂದು ಕಡೆ ಗಾಡಿ ನಿಂತುಬಿಟ್ಟಿತು. ನಿನ್ನನ್ನು ಎನ್ನಬೇಕೋ, ನಿಮ್ಮನ್ನು ಎನ್ನಬೇಕೋ?

ನಾವು ಅಷ್ಟು ವರ್ಷವೂ ಒಬ್ಬರನ್ನೊಬ್ಬರು ನೀವು ಎಂದೇ ಕರೆಯುತ್ತಿದ್ದೆವು. ಆಸ್ಪತ್ರೆಯ ಅಭ್ಯಾಸ. ನಮ್ಮ ಮಾತಿನಲ್ಲಿ ಪ್ರೀತಿ ಇರಲಿಲ್ಲವೆಂದಲ್ಲ, ಅದು ಬಹುವಚನದಲ್ಲಿತ್ತು, ಅಷ್ಟೆ.

"ಗಂಡಸು ನಿನ್ನನ್ನು ಅಂತಾನೆ, ಹೆಂಗಸು ನಿಮ್ಮನ್ನು ಅಂತಾಳೆ. ಎಲ್ಲ ಕಡೆಯೂ ಹಾಗೇ ಅಲ್ವಾ?" ಎಂದರು ಬಾವ.

"ಅದು ಹೇಗೆ?" ಎಂದೆ ನಾನು. "ಕಾಯ್ದೆಯ ಎದುರು ಇಬ್ಬರೂ ಒಂದೇ ಅಂತ ಮಾತು ಕೊಡ್ಲಿಕ್ಕೆ ಹೋಗುವುದು. ಅಲ್ಲಿ ನಾನು ಮಾತ್ರ ನಿಮ್ಮನ್ನು ಅನ್ನುವುದಾ?"

"ಹಾಗಾದ್ರೆ ನಾನೂ ನಿಮ್ಮನ್ನು ಅಂತಲೇ ಹೇಳ್ತೇನೆ, ಆಯ್ತಲ್ಲ," ಎಂದರು ಅವರು. ಸಲೀಸಾಗಿ ಒಪ್ಪಿದ್ದು ನೋಡಿ ನನಗೆ ಗೆದ್ದ ಖುಷಿ. ಹಾಗೆಂದೇ ನಿರ್ಧಾರವಾಯಿತು. ಅಂದಿನಿಂದ ನಾನು ರೋಗಿಯ ನಾಡಿ ಹಿಡಿದಾಗಲೂ ಆ ವಾಕ್ಯವನ್ನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದೆ.

ಮದುವೆಯ ಹಿಂದಿನ ದಿನ ಐವರೂ ರೈಲಿನಲ್ಲಿ ರಿಯಾದಿಗೆ ಹೋದೆವು. ಸಂಜೆ ಬತ್ಹಾದ ಗಲ್ಲಿಗಳಲ್ಲಿ ಹಾರ ಹುಡುಕಿದೆವು. ಮಲಯಾಳಿಯೊಬ್ಬನ ಅಂಗಡಿಯಲ್ಲಿ, ತೆಂಗಿನಕಾಯಿ ಕರಿಬೇವುಗಳ ನಡುವೆ, ಬೆಳಿಗ್ಗೆಯ ವಿಮಾನದಲ್ಲಿ ಬಂದಿಳಿದ ಮಲ್ಲಿಗೆ ಸಿಕ್ಕಿತು. ಅಕ್ಕ ಮೂಗಿಗೆ ಹಿಡಿದು, "ನಮ್ಮ ಊರಿನದ್ದಲ್ಲ. ಆದ್ರೂ ತೊಂದ್ರೆ ಇಲ್ಲ, ಪರಿಮಳ ಉಂಟು," ಎಂದಳು. ರಾತ್ರಿ ಅದನ್ನು ಹೋಟೆಲಿನ ಪುಟ್ಟ ಫ್ರಿಜ್ಜಿನಲ್ಲಿಟ್ಟು ಮಲಗಿದೆವು.

ಬೆಳಿಗ್ಗೆ ಕೆಂಪಂಚಿನ ಹಳದಿ ಸೀರೆಯುಟ್ಟು, ಮೇಲೆ ಕಪ್ಪು ನಿಲುವಂಗಿ, ಅಬಾಯಾ, ಹಾಕಿಕೊಂಡು ಟ್ಯಾಕ್ಸಿ ಹತ್ತಿದೆ. ಕಚೇರಿಯ ಒಳಗೆ ಅಬಾಯಾ ತೆಗೆದಾಗ ಪಾಸ್‌ಪೋರ್ಟಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಗುರುತಿಲ್ಲದ ಒಬ್ಬ ಅಜ್ಜಿ ದೂರದಿಂದಲೇ ಕೈಯೆತ್ತಿ ದೃಷ್ಟಿ ತೆಗೆದರು. ಅಧಿಕಾರಿಯ ಕೋಣೆಯಲ್ಲಿ ಬಾವುಟ, ಮೇಜು, ಏಳೆಂಟು ಕುರ್ಚಿ. ಅವರು ಎದ್ದು ಬಂದು ನಮ್ಮಿಬ್ಬರನ್ನು ಕಿಟಕಿಯ ಪಕ್ಕ ಬೆಳಕಿರುವಲ್ಲಿ ನಿಲ್ಲಿಸಿದರು. "ನನ್ನನ್ನು ನೋಡಬೇಡಿ. ಒಬ್ಬರನ್ನೊಬ್ಬರು ನೋಡಿ ಹೇಳಿ," ಎಂದರು.

ಮೊದಲು ಮದುಮಗ ಹೇಳಿದರು. ವಾಕ್ಯ ಒಂದಕ್ಷರವೂ ತಪ್ಪಲಿಲ್ಲ: "ನಾನು ನಿಮ್ಮನ್ನು ಕಾನೂನಿನಂತೆ ನನ್ನ ಹೆಂಡತಿಯಾಗಿ ಒಪ್ಪಿಕೊಳ್ಳುತ್ತೇನೆ."

ನನ್ನ ಸರದಿ. ಎದುರಿಗೆ, ಹೊಸ ಅಂಗಿಯ ಕಾಲರಿನ ಮೇಲೆ ಅವರ ಕುತ್ತಿಗೆ ಬೆವರಿತ್ತು. ಆ ಕೋಣೆಯಲ್ಲಿ ಬೇರೆ ಯಾರೂ ಇಲ್ಲವೆನಿಸಿತು. ಬಾಯಿ ತೆರೆದೆ.

"ನಾನು ನಿನ್ನನ್ನು ಕಾನೂನಿನಂತೆ ನನ್ನ ಗಂಡನಾಗಿ ಒಪ್ಪಿಕೊಳ್ಳುತ್ತೇನೆ."

ಹೇಳಿ ಮುಗಿದ ಮೇಲೆ ನನ್ನ ಕಿವಿಗೆ ಬಿತ್ತು. ಬಾವ ಕೆಮ್ಮಿದರು. ಅಕ್ಕ ದುಪಟ್ಟಾದ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನನ್ನ ಎದುರಿದ್ದವನ ಮುಖ ಮಾತ್ರ ನಾನು ಅದುವರೆಗೆ ಕಂಡಿರದ ಹಾಗೆ ಅರಳಿತು.

"ಮೇಡಂ, ನಾನು ಇನ್ನೊಂದು ಸಲ ಹೇಳಬಹುದಾ?" ಎಂದು ಅವನು ಹಿಂದಿಯಲ್ಲಿ ಕೇಳಿದ. ಅಧಿಕಾರಿ ತಲೆಯಾಡಿಸುವುದಕ್ಕೂ ಕಾಯದೆ ಹೇಳಿದ: "ನಾನು ನಿನ್ನನ್ನು ನನ್ನ ಹೆಂಡತಿಯಾಗಿ ಒಪ್ಪಿಕೊಳ್ಳುತ್ತೇನೆ." ಗಡಿಬಿಡಿಯಲ್ಲಿ ಕಾನೂನು ಬಿಟ್ಟುಹೋಯಿತು. ಮೊದಲ ಸಲ ಹೇಳಿದ್ದರಲ್ಲಿ ಇತ್ತಲ್ಲ, ನಡೆಯಿತು.

ಅರ್ಥ ವಿವರಿಸುವ ಕೆಲಸ ನನ್ನದಾಯಿತು. ಇಂಗ್ಲಿಷಿನಲ್ಲಿ ಹೇಳಿದೆ. ಜೊತೆಗಾರ್ತಿ ಹುಬ್ಬು ಗಂಟಿಕ್ಕಿದಳು. "ಎರಡು ಸಲ ಹೇಳಿದ್ದೂ ಒಂದೇ ಅಲ್ವಾ? ಮತ್ತೆ ಎಲ್ಲರೂ ಯಾಕೆ ನಗ್ತಾರೆ?" ಇಂಗ್ಲಿಷಿನಲ್ಲಿ ನೀನು ಎನ್ನಲಿಕ್ಕೂ ನೀವು ಎನ್ನಲಿಕ್ಕೂ ಇರುವುದು ಒಂದೇ ಮಾತು. ಅಧಿಕಾರಿಯೇ ಊಹಿಸಿದರು. "ಆಪ್ ಹೋಗಿ ತುಮ್ ಆಯ್ತಾ?" ಎಂದರು. ನಾನು ಹೌದೆಂದೆ. ಅವರು ಮೊದಲ ಬಾರಿಗೆ ಗಟ್ಟಿಯಾಗಿ ನಕ್ಕು ಸಹಿ ಹಾಕುವ ಪೆನ್ನನ್ನು ನನ್ನ ಕೈಗೆ ಕೊಟ್ಟರು. ಹಾರ ಹಾಕುವಾಗ ನನ್ನದು ಅವನ ಕನ್ನಡಕಕ್ಕೆ ಸಿಕ್ಕಿಕೊಂಡಿತು, ಬಿಡಿಸಿದ್ದು ಅಕ್ಕ.

ಮಧ್ಯಾಹ್ನ ಬತ್ಹಾದ ಒಂದು ಹೋಟೆಲಿನಲ್ಲಿ ಬಾಳೆ ಎಲೆಯ ಮೇಲೆ ಮೀನಿನ ಊಟ. ಎಲೆ ಮುಂದಿರುವಾಗಲೇ ಊರಿಗೆ ವೀಡಿಯೊ ಕರೆ ಮಾಡಿ ಎರಡೂ ಮನೆಗಳನ್ನು ಸೇರಿಸಿದೆವು. ನನ್ನ ಪಪ್ಪ ಮತ್ತು ಅವನ ಅಮ್ಮ ಅಲ್ಲಿಯವರೆಗೆ ಮಾತಾಡಿದವರೇ ಅಲ್ಲ. ಇಬ್ಬರೂ ಫೋನನ್ನು ಮುಖಕ್ಕೆ ತೀರಾ ಹತ್ತಿರ ಹಿಡಿದಿದ್ದರು. ಒಂದು ಕಡೆ ಹಣೆ, ಇನ್ನೊಂದು ಕಡೆ ಕಿವಿ.

"ನಿಮ್ಮ ಊಟ ಆಯಿತಾ?" ಎಂದು ಅವನ ಅಮ್ಮ ಶಾಲೆಯಲ್ಲಿ ಕಲಿತ ಶುದ್ಧ ಕನ್ನಡದಲ್ಲಿ ಕೇಳಿದರು.

"ಆತು, ಆತು. ನಿಮ್ದು?"

"ಈಗ ಆಗಬೇಕಷ್ಟೆ. ನಿಮ್ಮಲ್ಲಿ ಬಂಗುಡೆ ಸಿಗುತ್ತದಾ?"

"ಎಲ್ಲಿ ಸಿಗ್ತದೆ! ವಾರ ಆತು, ಬೋಟು ಖಾಲಿ ಬರ್ತದೆ," ಎಂದರು ಪಪ್ಪ.

ಅಲ್ಲಿಂದ ಮೀನಿನ ಮಾತು, ಮೊಣಕಾಲು ನೋವಿನ ಮಾತು. ಮದುವೆಯ ಸುದ್ದಿ ಯಾರೂ ಎತ್ತಲಿಲ್ಲ. "ಪಪ್ಪ, ನಾವು ಇಲ್ಲಿದ್ದೇವೆ," ಎಂದು ನಾನು ಕೂಗಿದೆ. "ಇರು ಮಾರಾಯ್ತಿ, ಅವ್ರು ಮಾತಾಡ್ತಾ ಇದ್ದಾರೆ," ಎಂದು ಪಕ್ಕದಿಂದ ಅಕ್ಕ ನನ್ನ ಬಾಯಿ ಮುಚ್ಚಿಸಿ, ನನ್ನ ಎಲೆಗೆ ಇನ್ನೊಂದು ಹುರಿದ ತುಂಡು ಹಾಕಿದಳು.