ಅರ್ಧ ಜಮಖಾನ

ನವಲಗುಂದದಲ್ಲಿ ಜಮಖಾನ ನೇಯುವ ಹುಸೇನಬಿ ಖಾಲಾನ ಮನೆಯ ಹಿಂದಿನ ಖೋಲಿಯನ್ನು ಒಂದೇ ಶಾಲೆಯ ಮಾಸ್ತರರಾದ ನಾನೂ ಬಸಪ್ಪನೂ ಕೂಡಿ ಬಾಡಿಗೆ ಹಿಡಿದಿದ್ದೆವು. ಕರಾರಿನಲ್ಲಿ ಇಬ್ಬರದೂ ಸಹಿ. ಒಂದು ತಿಂಗಳ ಕೊನೆಗೆ ವರ್ಗ ಆಯಿತೆಂದು ಬಸಪ್ಪ ಟ್ರಂಕು ಎತ್ತಿಕೊಂಡು ಹೋದ, ತನ್ನ ಪಾಲಿನ ಬಾಡಿಗೆ ಕೊಡದೆ.

ನಾನು ಅರ್ಧ ಬಾಡಿಗೆ ಹಿಡಿದು ಖಾಲಾನ ಮುಂದೆ ನಿಂತೆ. "ಇದು ನನ್ನ ಪಾಲರಿ. ಉಳಿದದ್ದು ಅವರನ್ನ ಕೇಳ್ರಿ" ಅಂದೆ, ಅಗದಿ ಕಾಯ್ದೆ ಓದಿದವನ ಹಂಗ.

ಖಾಲಾ ರೊಕ್ಕ ಮುಟ್ಟಲಿಲ್ಲ. ಮಗ್ಗ ತೋರಿಸಿದಳು. ಎಡಕ್ಕೆ ನವಿಲು ಪೂರ್ತಿ ಮೂಡಿತ್ತು. ಬಲಕ್ಕಿದ್ದ ನವಿಲಿಗೆ ಬರೀ ಕಾಲು.

"ಬಾಜೂಕ ಕೂಡ್ರಾಕಿ ನನ್ನ ತಂಗಿ. ಎಂಟು ದಿನಾತು, ಜ್ವರ. ಅರ್ಧ ಜಮಖಾನ ಯಾರು ಒಯ್ತಾರ್ರಿ ಮಾಸ್ತರ?" ಅಂದವಳೇ ಬಲಕ್ಕೆ ಸರಿದು ಕೂತು, ತಂಗಿಯ ಪಾಲು ನೇಯತೊಡಗಿದಳು.

ಖೋಲಿಗೆ ಹೋಗಿ ಉಳಿದರ್ಧವನ್ನೂ ತಂದಿಟ್ಟೆ. ಖಾಲಾ ಅದರಲ್ಲಿ ಹತ್ತು ರೂಪಾಯಿ ತಿರುಗಿ ನನ್ನ ಕೈಗಿಟ್ಟಳು. "ಇಷ್ಟು ನನ್ನ ಪಾಲು. ಅಂಥವಗ ಖೋಲಿ ಕೊಟ್ಟಾಕಿ ನಾನಲ್ಲೇನ್ರಿ?"

ಮರುದಿನ ಏಳನೇ ಇಯತ್ತೆಗೆ ಪಾಲುದಾರಿಕೆಯ ಲೆಕ್ಕ ಕಲಿಸುವುದಿತ್ತು. ಪುಸ್ತಕ ಮುಚ್ಚಿಸಿ, ಹುಡುಗರಿಂದ ಪದ್ಯ ಓದಿಸಿದೆ.